ಕುಮಟಾ–ಗೋಕರ್ಣದ ಕಡಲಂಚಿನ ಕಾಟೇಜಿನಲ್ಲಿ ಊರೂಟ: ಮೀನು ಕೊಳ್ಳುವುದರಿಂದ ಪಾತ್ರೆ ತೊಳೆಯುವವರೆಗೆ

ಕಡಲ ಹತ್ತಿರ ಅಡುಗೆಮನೆಯಿರುವ ಕಾಟೇಜನ್ನೇ ಹುಡುಕಿ ಹಿಡಿದು, ಮೂರು ಹೊತ್ತೂ ಹೋಟೆಲಿನಿಂದ ಗೋಬಿ ಮಂಚೂರಿ, ಜೀರಾ ರೈಸು ತರಿಸಿಕೊಂಡು ತಿಂದು ಬರುವ ಕುಟುಂಬಗಳು ಬೇಕಾದಷ್ಟಿವೆ. ಅವರಿಗೆ ಅಡುಗೆ ಬಾರದು ಎಂದಲ್ಲ. ಮೊದಲ ದಿನ ಸಂಜೆ ಐದಕ್ಕೆ ಮೀನು ಹುಡುಕಿಕೊಂಡು ಹೊರಟು, ಬೆಳಗಿನಿಂದ ಬಿಸಿಲು ಕಂಡ ಮೀನನ್ನು ದುಬಾರಿಗೆ ತಂದು, ಮಿಕ್ಸಿಯಿಲ್ಲದ ಅಡುಗೆಮನೆಯಲ್ಲಿ ರಾತ್ರಿ ಹತ್ತರವರೆಗೆ ಒದ್ದಾಡಿದರೆ ಯಾರಿಗಾದರೂ ಉಮೇದು ಇಳಿಯುತ್ತದೆ.

ಕುಮಟಾ, ಗೋಕರ್ಣ, ಹೊನ್ನಾವರದ ಪಟ್ಟಿಯಲ್ಲಿ ಚೆನ್ನಾಗಿ ಉಣ್ಣಬೇಕೆಂದರೆ ಹೊತ್ತು ನೋಡಿಕೊಳ್ಳಬೇಕು. ಮೀನು ಬೆಳಿಗ್ಗೆ ಬರುತ್ತದೆ, ಆದ್ದರಿಂದ ಮಧ್ಯಾಹ್ನದ ಊಟವೇ ದಿನದ ದೊಡ್ಡ ಊಟ. ರಾತ್ರಿಗೆ ಗಂಜಿ, ತಂಬುಳಿ ಸಾಕು. ಇಷ್ಟಕ್ಕೆ ಒಪ್ಪಿಕೊಂಡರೆ ಅಡುಗೆಯವರಿಗೂ ಸಂಜೆ ಕಡಲು ಸಿಗುತ್ತದೆ. ಮಕ್ಕಳು ನಿದ್ದೆಗಣ್ಣಲ್ಲಿ ಮುಳ್ಳು ಬಿಡಿಸುತ್ತಾ ಕೂರುವುದೂ ತಪ್ಪುತ್ತದೆ.

ಕಾಟೇಜು ಗೊತ್ತು ಮಾಡುವ ಮೊದಲು

ಫೋನಿನಲ್ಲಿ ಮೊದಲು ಕೇಳಬೇಕಾದ ಮಾತು ಬಾಡಿಗೆಯದ್ದಲ್ಲ. ‘ಅಡುಗೆಮನೆಯಲ್ಲಿ ಮೀನು ಮಾಡಬಹುದೇ?’ ಎಂದು ಕೇಳಿ. ಗೋಕರ್ಣ ದೇವಸ್ಥಾನದ ಊರು. ಅಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಹವ್ಯಕರ ಮನೆಗೆ ಹೊಂದಿಕೊಂಡ ಕಾಟೇಜುಗಳಲ್ಲಿ ಮೀನು, ಮಾಂಸ ಒಳಗೆ ತರುವಂತಿಲ್ಲ, ಕೆಲವೆಡೆ ಮೊಟ್ಟೆಯೂ ಇಲ್ಲ. ಇದನ್ನು ಬಂದಮೇಲೆ ತಿಳಿದು ಮುಖ ಸಣ್ಣ ಮಾಡಿಕೊಳ್ಳುವುದಕ್ಕಿಂತ ಮೊದಲೇ ಕೇಳಿಕೊಳ್ಳುವುದು ಇಬ್ಬರಿಗೂ ಮರ್ಯಾದೆ. ನೀವು ಸಸ್ಯಾಹಾರಿಗಳಾದರೆ ಅಂಥ ಮನೆಯೇ ಸರಿ. ಊಟ ಅವರಲ್ಲೇ ಹೇಳಿಬಿಡಿ, ಈ ಬರಹದ ಅರ್ಧ ಕೆಲಸ ನಿಮಗೆ ತಪ್ಪಿತು.

ಆಮೇಲೆ ಕೇಳಬೇಕಾದವು: ಗ್ಯಾಸ್ ಒಲೆಗೆ ಎಷ್ಟು ಬರ್ನರ್, ಮಿಕ್ಸಿ ಇದೆಯೇ, ತೆಂಗಿನಕಾಯಿ ತುರಿಯುವ ಮಣೆ ಇದೆಯೇ, ಐದು ಲೀಟರಿನ ಒಂದು ಪಾತ್ರೆ ಮತ್ತು ದಪ್ಪ ತಳದ ಕಾವಲಿ ಇದೆಯೇ, ಫ್ರಿಜ್‌ನಲ್ಲಿ ಐಸ್ ಕಟ್ಟುತ್ತದೆಯೇ. ಬಾಡಿಗೆ ಅಡುಗೆಮನೆಗಳಲ್ಲಿ ಸಾಮಾನ್ಯವಾಗಿ ಇಲ್ಲದಿರುವುದು ಹರಿತವಾದ ಚೂರಿ. ಅದನ್ನು ಮನೆಯಿಂದಲೇ ತನ್ನಿ. ಜೊತೆಗೆ ಬಿಗಿ ಮುಚ್ಚಳದ ಎರಡು ಡಬ್ಬಿ, ಸೋಸಲು ಒಂದು ತೆಳ್ಳನೆಯ ಬಿಳಿ ಬಟ್ಟೆ, ಒಂದು ಸಣ್ಣ ಥರ್ಮೋಕೋಲ್ ಪೆಟ್ಟಿಗೆ. ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ, ಕೊಬ್ಬರಿ ಎಣ್ಣೆ ಹೊತ್ತು ತರಬೇಡಿ. ಕುಮಟೆಯ ಯಾವ ಕಿರಾಣಿ ಅಂಗಡಿಯಲ್ಲೂ ಇವೆಲ್ಲ ಸಿಗುತ್ತವೆ.

ನೀರಿನ ಬಗ್ಗೆಯೂ ವಿಚಾರಿಸಿ. ಕಡಲಿಗೆ ತೀರ ಹತ್ತಿರದ ಬಾವಿಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ನೀರು ಸವಳಾಗುವುದುಂಟು. ಆ ನೀರಲ್ಲಿ ಚಹಾ ಮಾಡಿದರೆ ರುಚಿ ಕೆಡುತ್ತದೆ, ಬೇಳೆ ಎಷ್ಟು ಬೇಯಿಸಿದರೂ ಕರಗುವುದಿಲ್ಲ. ಹಾಗಿದ್ದರೆ 20 ಲೀಟರಿನ ಕ್ಯಾನು ತರಿಸಿ, ಚಹಾ, ಅನ್ನ, ಬೇಳೆಗೆ ಅದನ್ನೇ ಬಳಸಿ. ಮೀನು ತೊಳೆಯಲು ಬಾವಿ ನೀರು ಸಾಕು.

ಯಾವ ಕಾಲಕ್ಕೆ ಏನು

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಸಿಗುವುದು ನಾಡದೋಣಿಯವರು ದಡದ ಹತ್ತಿರ ಹಿಡಿದದ್ದು, ಹೊಳೆ ಮೀನು, ಒಣ ಮೀನು, ಇಲ್ಲವೇ ಹೊರರಾಜ್ಯದಿಂದ ಐಸ್‌ನಲ್ಲಿ ಬಂದ ಮೀನು. ಹೊರಗಿನಿಂದ ಬಂದದ್ದನ್ನು ತಿನ್ನಲು ಕಡಲ ತನಕ ಬರಬೇಕಾಗಿಲ್ಲ. ಮಳೆಗಾಲದಲ್ಲಿ ಬಂದವರು ಒಣ ಮೀನಿನ ಚಟ್ನಿ, ಕೆಸುವಿನೆಲೆಯ ಪತ್ರೊಡೆ, ಹಲಸಿನ ಕಡುಬು ಕಡೆ ಮನಸ್ಸು ಕೊಡುವುದೇ ಜಾಣತನ.

ಮೀನಿಗೆ ಚಲೋ ಕಾಲ ಸೆಪ್ಟೆಂಬರಿನಿಂದ ಮೊದಲ್ಗೊಂಡು ಚಳಿಗಾಲ ಮುಗಿಯುವ ತನಕ. ಬೇಸಿಗೆಯಲ್ಲಿ ಮೀನಿಗಿಂತ ತೋಟ, ಗದ್ದೆಯ ಪದಾರ್ಥಗಳದ್ದೇ ಭರಾಟೆ. ಕುಮಟೆಯ ಅಳ್ವೆಕೋಡಿ, ಹಂದಿಗೋಣದ ಸಿಹಿ ಈರುಳ್ಳಿಯನ್ನು ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಜಡೆಯಂತೆ ಹೆಣೆದು ತೂಗುಹಾಕಿರುತ್ತಾರೆ. ಇದು ಊಟದ ಜೊತೆ ಹಸಿಯಾಗಿ ಕಡಿದು ತಿನ್ನಲು ಹೇಳಿ ಮಾಡಿಸಿದ್ದು. ನೀರಿನಂಶ ಹೆಚ್ಚಿರುವುದರಿಂದ ಮಸಾಲೆಗೆ ಹುರಿಯಲು ಹೋದರೆ ಕೆಂಪಾಗಲು ತಡವಾಗುತ್ತದೆ. ಹುರಿಯಲು ಮಾಮೂಲಿ ಈರುಳ್ಳಿ ತನ್ನಿ. ಮೇ ತಿಂಗಳಲ್ಲಿ ಅಂಕೋಲೆಯ ಕರಿ ಇಶಾಡ ಮಾವು ಬರುತ್ತದೆ. ಇದಕ್ಕೆ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆಯೂ ಇದೆ. ತೆಳು ಸಿಪ್ಪೆಯ ಈ ಹಣ್ಣು ಹೆಚ್ಚು ದಿನ ತಡೆಯುವುದಿಲ್ಲ, ಹಾಗಾಗಿ ದೂರದ ಪೇಟೆಗಳಲ್ಲಿ ಕಾಣಿಸುವುದು ಕಡಿಮೆ. ಎರಡು ದಿನಕ್ಕೆ ಆಗುವಷ್ಟೇ ಕೊಳ್ಳಿ.

ಮೀನು ಪೇಟೆಯಲ್ಲಿ

ಎಂಟರಿಂದ ಹತ್ತು ಗಂಟೆಯೊಳಗೆ ಹೋಗಿ. ತದಡಿ ಬಂದರು, ಹೊನ್ನಾವರದ ಕಾಸರಕೋಡು, ಕುಮಟಾ ಮತ್ತು ಗೋಕರ್ಣದ ಮೀನು ಪೇಟೆ, ಯಾವುದು ಹತ್ತಿರವೋ ಅದು. ಬಂದರಿನಲ್ಲಿ ಬುಟ್ಟಿಗಟ್ಟಲೆ ಹರಾಜು ನಡೆಯುವುದರಿಂದ ಒಂದು ಮನೆಗೆ ಬೇಕಾದಷ್ಟನ್ನು ಕೊಳ್ಳುವುದು ತುಸು ಕಷ್ಟ. ಪೇಟೆಯಲ್ಲಿ ಕೂತ ಹೆಂಗಸರ ಹತ್ತಿರ ಕೊಳ್ಳುವುದೇ ಸಲೀಸು. ಕಾಟೇಜಿನ ಓಣಿಗೇ ಬುಟ್ಟಿ ಹೊತ್ತು ಬರುವವರೂ ಇದ್ದಾರೆ. ಎಷ್ಟು ಹೊತ್ತಿಗೆ ಬರುತ್ತಾರೆಂದು ಮನೆಯ ಒಡೆಯರನ್ನು ಕೇಳಿಟ್ಟುಕೊಳ್ಳಿ.

ಹೆಸರುಗಳಿಗೆ ಗಾಬರಿಯಾಗಬೇಡಿ. ಮಂಗಳೂರು, ಉಡುಪಿಯವರ ಬಂಗುಡೆ ಇಲ್ಲಿ ಬಂಗಡೆ. ಬೂತಾಯಿ ಇಲ್ಲಿ ತಾರ್ಲೆ, ಅಂಜಲ್ ಇಲ್ಲಿ ಇಸ್ವಾಣ, ಕಾಣೆ ಇಲ್ಲಿ ನೋಗ್ಲಿ, ಮಾಂಜಿ ಇಲ್ಲಿ ಪಾಪ್ಲೆಟ್. ಸಿಗಡಿಗೆ ಶೆಟ್ಲಿ ಎಂದರೂ ನಡೆಯುತ್ತದೆ, ಕೊಂಕಣಿಯವರಲ್ಲಿ ಸುಂಗಟ.

‘ಇದು ತಾಜಾನಾ?’ ಎಂದು ಕೇಳಬೇಡಿ. ಅದಕ್ಕೆ ಉತ್ತರ ಒಂದೇ. ‘ಅಕ್ಕಾ, ಇವತ್ತು ಸಾರಿಗೆ ಯಾವುದು ಚಲೋ?’ ಎಂದು ಕೇಳಿ, ಅವರು ಕೈ ತೋರಿಸಿದ ಮೀನನ್ನು ನೀವೇ ಪರೀಕ್ಷಿಸಿ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು. ಒಳಸರಿದು ಬಿಳಿಚಿದ್ದರೆ ಬೇಡ. ಕಿವಿರು ಎತ್ತಿ ನೋಡಿದರೆ ಕಡುಗೆಂಪಾಗಿರಬೇಕು, ಕಂದು ಬಣ್ಣಕ್ಕೆ ತಿರುಗಿರಬಾರದು. ಬೆರಳಿನಿಂದ ಒತ್ತಿದರೆ ಕುಳಿ ಉಳಿಯಬಾರದು. ಬಂಗಡೆಯನ್ನು ತಲೆ ಹಿಡಿದು ಅಡ್ಡಲಾಗಿ ಎತ್ತಿದರೆ ಬಾಲ ಜೋಲುಬೀಳದೆ ಸೆಟೆದು ನಿಂತರೆ ಅದು ಅಂದಿನದೇ. ತಾರ್ಲೆಯ ಹೊಟ್ಟೆ ಒಡೆದಿದ್ದರೆ ಎಷ್ಟೇ ಅಗ್ಗವಾದರೂ ಬಿಡಿ. ಕಡಲಿನ ವಾಸನೆ ಇರಲಿ, ಅಮೋನಿಯದಂಥ ಘಾಟು ಇರಬಾರದು.

ಸಣ್ಣ ಮೀನನ್ನು ಪಾಲು ಹಾಕಿ ಅಥವಾ ನೂರು ರೂಪಾಯಿಗೆ ಇಷ್ಟು ಎಂದು ಲೆಕ್ಕದಲ್ಲಿ ಮಾರುತ್ತಾರೆ. ಇಸ್ವಾಣ, ಪಾಪ್ಲೆಟ್ ತೂಕದ ಮೇಲೆ. ಪಾಲಿನ ಮೇಲ್ಭಾಗದ ದೊಡ್ಡ ಮೀನು ನೋಡಿ ಮರುಳಾಗದೆ ತಳದ್ದನ್ನೂ ನೋಡಿ. ಚೌಕಾಶಿ ಮಾಡಬಹುದು. ಆದರೆ ಹತ್ತು ರೂಪಾಯಿಗೆ ಹತ್ತು ನಿಮಿಷ ಜಗ್ಗಾಡುವುದು ಬೇಡ, ನಾಳೆಯೂ ಅವರ ಹತ್ತಿರವೇ ಬರಬೇಕು. ಎರಡನೇ ದಿನದಿಂದ ಒಳ್ಳೆಯ ಮೀನು ತಾನಾಗಿ ಪಕ್ಕಕ್ಕೆ ಎತ್ತಿಟ್ಟಿರುತ್ತಾರೆ.

ನಾಲ್ವರು ದೊಡ್ಡವರು, ಇಬ್ಬರು ಮಕ್ಕಳ ಮನೆಗೆ ಒಂದು ಹೊತ್ತಿಗೆ ಮಧ್ಯಮ ಗಾತ್ರದ ಹತ್ತು ಬಂಗಡೆ ಸಾಕು: ಆರು ಸಾರಿಗೆ, ನಾಲ್ಕು ಹುರಿಯಲು. ಇಸ್ವಾಣವಾದರೆ ಒಂದೂವರೆ ಸೆಂಟಿಮೀಟರ್ ದಪ್ಪದ ಹೋಳುಗಳಲ್ಲಿ ಮುಕ್ಕಾಲು ಕಿಲೋ. ಸಿಗಡಿ ತಲೆ, ಸಿಪ್ಪೆ ತೆಗೆದ ಮೇಲೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಆ ಲೆಕ್ಕ ಹಿಡಿದು ಕೊಳ್ಳಿ. ಹೆಚ್ಚು ತಂದು ಫ್ರಿಜ್ಜಿಗೆ ತುಂಬುವುದು ದೊಡ್ಡ ತಪ್ಪು. ನಾಳೆ ಮತ್ತೆ ಮೀನು ಬರುತ್ತದೆ.

ಅಲ್ಲೇ ಕೊಯ್ದುಕೊಡುವವರಿರುತ್ತಾರೆ. ಅವರಿಗೆ ಬೇರೆ ದುಡ್ಡು ಕೊಡಬೇಕು, ಕೊಟ್ಟದ್ದು ನಷ್ಟವಲ್ಲ. ಏನು ಬೇಕೆಂದು ಸರಿಯಾಗಿ ಹೇಳಿ: ಸಾರಿನ ಬಂಗಡೆ ತಲೆ ಇಟ್ಟು ಎರಡು ತುಂಡು, ಹುರಿಯುವುದಕ್ಕೆ ಇಡಿಯಾಗಿ, ಎರಡೂ ಬದಿ ಮೂರು ಗೀರು. ಸಿಗಡಿಯ ಬೆನ್ನಿನ ಕಪ್ಪು ನರ ತೆಗೆಸಿ, ಇಲ್ಲದಿದ್ದರೆ ಮರಳು ಹಲ್ಲಿಗೆ ಸಿಗುತ್ತದೆ.

ಇನ್ನೊಂದು ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಂಗಡೆ, ತಾರ್ಲೆ, ಗೆದರೆಯಂಥ (ಗೆದರೆ ಎಂದರೆ ಟ್ಯೂನಾ) ಮೀನುಗಳು ಬಿಸಿಲಲ್ಲಿ ಉಳಿದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ಪದಾರ್ಥ ಹುಟ್ಟುತ್ತದೆ. ಎಷ್ಟು ಕುದಿಸಿದರೂ, ಎಷ್ಟು ಹುರಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗುವುದು, ಮೈ ತುರಿಕೆ, ತಲೆನೋವು, ಹೊಟ್ಟೆ ತೊಳಸುವುದು ಇದರ ಲಕ್ಷಣ. ಹಲವರು ಇದನ್ನು ‘ನಮಗೆ ಮೀನು ಆಗಿಬರುವುದಿಲ್ಲ’ ಎಂದುಕೊಂಡುಬಿಡುತ್ತಾರೆ. ಆದ್ದರಿಂದ ಮೀನು ಕೊಂಡು ಕಾರಿನ ಡಿಕ್ಕಿಯಲ್ಲಿಟ್ಟು ಮಿರ್ಜಾನ ಕೋಟೆ ನೋಡಲು ಹೋಗಬೇಡಿ. ಪೇಟೆಯೇ ಕೊನೆಯ ನಿಲ್ದಾಣವಾಗಲಿ. ಮನೆ ಮುಟ್ಟಲು ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವುದಾದರೆ ಪೆಟ್ಟಿಗೆಯಲ್ಲಿ ಒಂದು ಪದರ ಪುಡಿ ಐಸ್, ಒಂದು ಪದರ ಮೀನು, ತೂಕದಲ್ಲಿ ಎರಡೂ ಸಮಸಮ. ಐಸ್ ಪೇಟೆಯಲ್ಲೇ ಸಿಗುತ್ತದೆ.

ಜುಮ್ಮನಕಾಯಿ ಹಾಕಿದ ಬಂಗಡೆ ಸಾರು

ಈ ಕಡೆಗೆ ಬಂದು ಮಾಡಲೇಬೇಕಾದ ಒಂದೇ ಅಡುಗೆ ಆರಿಸಿ ಎಂದರೆ ಇದು. ಕೊಂಕಣಿಯವರು ತೆಫಳ ಎನ್ನುವ ಜುಮ್ಮನಕಾಯಿ ಒಣಗಿದ ಪುಟ್ಟ ಕಾಯಿ. ನಾಲಿಗೆಯನ್ನು ಚುರುಗುಟ್ಟಿಸುವ ಘಮ ಅದರದ್ದು. ಬಂಗಡೆಯ ಜಿಡ್ಡು ಹೊಲಸು ಅನಿಸದಂತೆ ಮಾಡುವುದೂ ಅದೇ.

ಆರು ಬಂಗಡೆಗೆ ಎರಡು ಲೋಟ ತೆಂಗಿನ ತುರಿ, ಹನ್ನೆರಡು ಬ್ಯಾಡಗಿ ಮೆಣಸು, ಒಂದು ಚಮಚ ಕೊತ್ತಂಬರಿ ಬೀಜ, ಕಾಲು ಚಮಚ ಅರಿಸಿನ, ಅರ್ಧ ಲಿಂಬೆ ಗಾತ್ರದ ಹುಣಸೆಹಣ್ಣು, ಹತ್ತು–ಹನ್ನೆರಡು ಜುಮ್ಮನಕಾಯಿ, ಉಪ್ಪು, ಒಂದು ಚಮಚ ಕೊಬ್ಬರಿ ಎಣ್ಣೆ. ಬೆಳ್ಳುಳ್ಳಿ ಬೇಡ, ಒಗ್ಗರಣೆ ಬೇಡ. ಹಾಕಿದರೆ ಜುಮ್ಮನಕಾಯಿಯ ಘಮ ಅದರಡಿ ಮುಚ್ಚಿಹೋಗುತ್ತದೆ.

ಮೆಣಸನ್ನು ಬಿಸಿನೀರಲ್ಲಿ ಕಾಲು ಗಂಟೆ ನೆನೆಸಿ. ಮೊದಲು ಮೆಣಸು, ಕೊತ್ತಂಬರಿ, ಹುಣಸೆ, ಅರಿಸಿನವನ್ನು ತುಸುವೇ ನೀರಲ್ಲಿ ರುಬ್ಬಿ, ಆಮೇಲೆ ಕಾಯಿತುರಿ ಹಾಕಿ. ಬೆರಳಲ್ಲಿ ಉಜ್ಜಿದರೆ ತರಿ ಸಿಗಬಾರದು. ಸಾರು ಕುದಿದ ಮೇಲೆ ನೀರೇ ಬೇರೆ, ಕಾಯಿಯೇ ಬೇರೆಯಾಗಿ ನಿಂತರೆ ರುಬ್ಬಿದ್ದು ಸಾಲದು ಎಂದರ್ಥ. ಮೊದಲೇ ನೀರು ಸುರಿದರೆ ಮಿಕ್ಸಿಯಲ್ಲಿ ಕಾಯಿ ತಿರುಗುತ್ತದೆಯೇ ಹೊರತು ನುಣ್ಣಗಾಗುವುದಿಲ್ಲ.

ಜುಮ್ಮನಕಾಯಿಯೊಳಗಿನ ಕಪ್ಪು ಬೀಜ ತೆಗೆದುಬಿಡಿ. ಬೀಜ ಗಟ್ಟಿ, ರುಚಿಯೂ ಇಲ್ಲ, ಘಮವೆಲ್ಲ ಸಿಪ್ಪೆಯಲ್ಲಿ. ಸಿಪ್ಪೆಯನ್ನು ಎರಡು ಚಮಚ ನೀರಲ್ಲಿ ಸ್ವಲ್ಪ ಜಜ್ಜಿ ಇಟ್ಟುಕೊಳ್ಳಿ. ಮಸಾಲೆಯ ಜೊತೆ ಮಿಕ್ಸಿಗೆ ಹಾಕಿದರೆ ಸಾರು ಕಹಿಯಾಗುತ್ತದೆ. ಈ ಸಾರು ಕೆಡಿಸುವವರು ಹೆಚ್ಚಾಗಿ ಇಲ್ಲೇ ಕೆಡಿಸುತ್ತಾರೆ.

ಮಸಾಲೆಗೆ ಸುಮಾರು ಎರಡು ಲೋಟ ನೀರು, ಉಪ್ಪು ಸೇರಿಸಿ ಅಗಲವಾದ ಪಾತ್ರೆಯಲ್ಲಿ ಕುದಿಸಿ. ಚೆನ್ನಾಗಿ ಕುದಿ ಬಂದ ಮೇಲೆ ಮೀನನ್ನು ಒಂದೇ ಪದರವಾಗಿ ಇಳಿಸಿ, ಜಜ್ಜಿದ ಜುಮ್ಮನಕಾಯಿಯನ್ನು ಆ ನೀರಿನ ಸಮೇತ ಹಾಕಿ. ಮಧ್ಯಮ ಉರಿಯಲ್ಲಿ ಏಳೆಂಟು ನಿಮಿಷ. ಸೌಟು ಆಡಿಸಬೇಡಿ, ಪಾತ್ರೆಯ ಕಿವಿ ಹಿಡಿದು ಮೆಲ್ಲಗೆ ತಿರುಗಿಸಿದರೆ ಸಾಕು. ಇಳಿಸಿ, ಮೇಲೆ ಹಸಿ ಕೊಬ್ಬರಿ ಎಣ್ಣೆ ಬಿಟ್ಟು ಮುಚ್ಚಿ. ಅರ್ಧ ಗಂಟೆ ತಡೆದು ಬಡಿಸಿದರೆ ಹುಳಿ, ಖಾರ ಮೀನಿಗೆ ಹಿಡಿದಿರುತ್ತದೆ.

ಹುರಿಯುವ ಮೀನು

ಇಸ್ವಾಣ, ನೋಗ್ಲಿ, ಬಂಗಡೆ ಯಾವುದಾದರೂ ಆಗಲಿ, ಮಸಾಲೆ ಹಚ್ಚುವ ಮೊದಲು ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಹುರಿಯುವಾಗ ರವೆ ಕಳಚಿಕೊಂಡು ಎಣ್ಣೆಯಲ್ಲಿ ತೇಲಲು ಆ ನೀರೇ ಕಾರಣ. ಆರು ಹೋಳಿಗೆ ಎರಡು ದೊಡ್ಡ ಚಮಚ ಬ್ಯಾಡಗಿ ಪುಡಿ, ಅರ್ಧ ಚಮಚ ಅರಿಸಿನ, ಒಂದು ಚಮಚ ಪುಡಿ ಉಪ್ಪು, ಒಂದು ಚಮಚ ಶುಂಠಿ–ಬೆಳ್ಳುಳ್ಳಿ, ಒಂದು ದೊಡ್ಡ ಚಮಚ ಲಿಂಬೆ ರಸ ಅಥವಾ ಗಟ್ಟಿ ಕೋಕಂ ನೀರು. ಹಚ್ಚಿ ಅರ್ಧ ಗಂಟೆ ಬಿಡಿ. ‘ಹೆಚ್ಚು ಹೊತ್ತು ಇಟ್ಟಷ್ಟೂ ರುಚಿ’ ಎಂಬ ಮಾತು ಕೋಳಿಗೆ ಸರಿ, ಮೀನಿಗೆ ಅಲ್ಲ. ಹುಳಿಯಲ್ಲಿ ಬಹಳ ಹೊತ್ತು ಕೂತ ಮೀನು ಹುರಿದಾಗ ಸುಣ್ಣದ ಹಾಗೆ ಉದುರುತ್ತದೆ.

ಅರ್ಧ ಲೋಟ ಸಣ್ಣ ರವೆಗೆ ಎರಡು ಚಮಚ ಅಕ್ಕಿಹಿಟ್ಟು ಬೆರೆಸಿ, ಹೋಳನ್ನು ಒತ್ತಿ ಹೊರಳಿಸಿ, ಕೂಡಲೇ ಕಾವಲಿಗೆ ಹಾಕಿ. ಎಣ್ಣೆ ಚೆನ್ನಾಗಿ ಕಾದಿರಬೇಕು, ಉರಿ ಮಧ್ಯಮ. ಮೊದಲ ಮೂರು ನಿಮಿಷ ಕೈ ಹಾಕಬೇಡಿ. ತಳ ಗಟ್ಟಿಯಾದ ಮೇಲೆ ಹೋಳು ತಾನಾಗಿ ಬಿಡುತ್ತದೆ, ಅದಕ್ಕೂ ಮೊದಲು ಮಗುಚಿದರೆ ಚರ್ಮ ಕಾವಲಿಯಲ್ಲೇ ಉಳಿಯುತ್ತದೆ. ಒಂದೂವರೆ ಸೆಂಟಿಮೀಟರ್ ಹೋಳಿಗೆ ಬದಿಗೆ ನಾಲ್ಕು ನಿಮಿಷ, ಇಡೀ ಬಂಗಡೆಗೆ ಐದು. ಒಮ್ಮೆಗೆ ಮೂರೇ ಹೋಳು. ತುಂಬಿಸಿದರೆ ಎಣ್ಣೆ ತಣಿದು ಮೀನು ಹುರಿಯುವ ಬದಲು ಬೇಯುತ್ತದೆ.

ಮಕ್ಕಳಿಗೆ ಇದೇ ಹೋಳನ್ನು ಉಪ್ಪು, ಅರಿಸಿನ, ಚಿಟಿಕೆ ಕಾಳುಮೆಣಸಿನಲ್ಲಿ ಹುರಿದುಕೊಡಿ. ಇಸ್ವಾಣದಲ್ಲಿ ನಡುಮುಳ್ಳು ದೊಡ್ಡದು, ಬಿಡಿಸುವುದು ಸುಲಭ. ತಾರ್ಲೆಯಲ್ಲಿ ಕೂದಲಿನಂಥ ಮುಳ್ಳುಗಳಿರುವುದರಿಂದ ಸಣ್ಣವರಿಗೆ ಬೇಡ. ಸಿಗಡಿ, ಏಡಿ, ಬಳಚು ಎಂಬ ಚಿಪ್ಪುಮೀನನ್ನು ಮೊದಲ ಸಲ ತಿನ್ನುವ ಮಗುವಿಗೆ ಮಧ್ಯಾಹ್ನ ಒಂದೆರಡು ತುಂಡು ಮಾತ್ರ ಕೊಟ್ಟು ನೋಡಿ. ಅಲರ್ಜಿ ಕಾಣಿಸಿಕೊಂಡರೆ ಹಗಲು ಹೊತ್ತಿನಲ್ಲಿ ಕುಮಟೆಯ ಆಸ್ಪತ್ರೆ ಮುಟ್ಟುವುದು ಸುಲಭ.

ಅಘನಾಶಿನಿಯ ಬಳಚು

ಅಣೆಕಟ್ಟಿಲ್ಲದೆ ಕಡಲು ಸೇರುವ ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸರ್ ತಾಣವಾಯಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಅಳಿವೆಯ ಕೆಸರು, ಮರಳಿನಲ್ಲಿ ಬೆಳೆಯುವ ಬಳಚೇ ಇಲ್ಲಿನ ದೊಡ್ಡ ಸಂಪತ್ತು. ತುಳುವಿನಲ್ಲಿ ಮರುವಾಯಿ ಎನ್ನುವುದು ಇದನ್ನೇ. ನೀರು ಇಳಿದಾಗ ಹೆಂಗಸರು, ಗಂಡಸರು ಅಳಿವೆಗಿಳಿದು ಹೆಕ್ಕುವುದನ್ನು ತದಡಿ ಕಡೆಯಿಂದ ನೋಡಬಹುದು. ನೀವೇ ಇಳಿದು ಹೆಕ್ಕುವ ಸಾಹಸ ಬೇಡ, ಕೆಸರೂ ಏರುವ ನೀರೂ ಗೊತ್ತಿಲ್ಲದವರಿಗೆ ಅಪಾಯ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಹರಿಯುವಾಗ ಬಳಚಿನ ಆಸೆಯನ್ನೂ ಬಿಡಿ.

ಕೊಳ್ಳುವಾಗ ಚಿಪ್ಪು ಮುಚ್ಚಿರಬೇಕು. ಬಾಯ್ದೆರೆದದ್ದನ್ನು ಬೆರಳಿನಿಂದ ತಟ್ಟಿದಾಗ ಮುಚ್ಚಿಕೊಂಡರೆ ಜೀವವಿದೆ, ಇಲ್ಲದಿದ್ದರೆ ಎಸೆಯಿರಿ. ಮನೆಗೆ ತಂದು ಉಜ್ಜಿ ತೊಳೆದು, ಲೀಟರಿಗೆ ಎರಡು ದೊಡ್ಡ ಚಮಚ ಉಪ್ಪು ಹಾಕಿದ ನೀರಲ್ಲಿ ಎರಡು ಗಂಟೆ ಇಡಿ. ಒಳಗಿನ ಮರಳು ಉಗುಳುತ್ತವೆ. ಸಿಹಿನೀರಲ್ಲಿ ಇಟ್ಟರೆ ಸತ್ತುಹೋಗುತ್ತವೆ, ಮರಳು ಒಳಗೇ ಉಳಿಯುತ್ತದೆ. ಕೊನೆಗೆ ಕೈಯಿಂದ ಎತ್ತಿ ತೆಗೆಯಬೇಕು. ಪಾತ್ರೆ ಬಗ್ಗಿಸಿ ಸುರಿದರೆ ತಳದ ಮರಳು ಮತ್ತೆ ಮೇಲೆ ಬೀಳುತ್ತದೆ.

ಅರ್ಧ ಲೋಟ ನೀರಿನೊಂದಿಗೆ ಮುಚ್ಚಿ ದೊಡ್ಡ ಉರಿಯಲ್ಲಿ ನಾಲ್ಕೈದು ನಿಮಿಷ ಬೇಯಿಸಿದರೆ ಬಾಯಿ ಬಿಡುತ್ತವೆ. ಬಿಡದವು ಕಸಕ್ಕೆ. ಖಾಲಿ ಚಿಪ್ಪು ಮುರಿದು ತೆಗೆದುಬಿಡಿ, ಮಾಂಸ ಅಂಟಿದ ಅರ್ಧ ಉಳಿಸಿಕೊಳ್ಳಿ. ಬೇಯಿಸಿದ ನೀರು ಬಟ್ಟೆಯಲ್ಲಿ ಸೋಸಿ ಇಟ್ಟುಕೊಳ್ಳಿ, ರುಚಿ ಇರುವುದೇ ಅದರಲ್ಲಿ. ಒಂದು ಲೋಟ ಕಾಯಿತುರಿ, ಎಂಟು ಹುರಿದ ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ನಾಲ್ಕು ಎಸಳು ಬೆಳ್ಳುಳ್ಳಿ, ಚೂರು ಹುಣಸೆಯನ್ನು ತರಿತರಿಯಾಗಿ ರುಬ್ಬಿ. ಕೊಬ್ಬರಿ ಎಣ್ಣೆಯಲ್ಲಿ ಎರಡು ಈರುಳ್ಳಿ ಕೆಂಪಾಗುವಷ್ಟು ಹುರಿದು, ಮಸಾಲೆ, ಆ ನೀರು ಸೇರಿಸಿ ಗಟ್ಟಿಯಾಗುವವರೆಗೆ ಬಾಡಿಸಿ. ಬಳಚನ್ನು ಕೊನೆಗೆ ಹಾಕಿ ಐದು ನಿಮಿಷಕ್ಕೆ ಇಳಿಸಿ, ಹೆಚ್ಚಾದರೆ ರಬ್ಬರು. ನೀರೇ ಉಪ್ಪಾಗಿರುವುದರಿಂದ ಉಪ್ಪನ್ನು ರುಚಿ ನೋಡಿದ ಮೇಲಷ್ಟೇ ಹಾಕಿ.

ಅನ್ನ, ಉಪ್ಪು, ಕೋಕಂ

ಮೀನು ಸಾರಿಗೆ ಬೆಳ್ತಿಗೆ (ಕುಚ್ಚದ ಬಿಳಿ ಅಕ್ಕಿ) ಅನ್ನಕ್ಕಿಂತ ಕುಚ್ಚಲಕ್ಕಿ ಅನ್ನ ಚಲೋ. ಸಿಕ್ಕರೆ ಕಗ್ಗದ ಅಕ್ಕಿ ಕೇಳಿ. ಮಾಣಿಕಟ್ಟಾ ಕಡೆಯ, ಕಡಲ ನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದು ಬೆಳೆಯುವ ಭತ್ತ ಅದು. ಬೆಳೆಯುವವರು ಕಡಿಮೆಯಾದ್ದರಿಂದ ಅಂಗಡಿಗಿಂತ ಮನೆಗಳಲ್ಲಿ ವಿಚಾರಿಸುವುದೇ ದಾರಿ.

ಎರಡು ಲೋಟ ಕುಚ್ಚಲಕ್ಕಿಗೆ ಹತ್ತು ಲೋಟ ನೀರು. ಕುದಿಯುವ ನೀರಿಗೆ ತೊಳೆದ ಅಕ್ಕಿ ಹಾಕಿ ಹತ್ತು ನಿಮಿಷ ಕುದಿಸಿ, ಒಲೆ ಆರಿಸಿ, ಬಿಗಿಯಾಗಿ ಮುಚ್ಚಿ ಒಂದು ಗಂಟೆ ಬಿಡಿ. ಆಮೇಲೆ ಮತ್ತೆ ಹದಿನೈದು ನಿಮಿಷ ಕುದಿಸಿದರೆ ಬೆಂದಿರುತ್ತದೆ. ಬಿಡದೆ ಕುದಿಸಿದರೆ ಮುಕ್ಕಾಲು ಗಂಟೆ ಬೇಕು, ಕಾಟೇಜಿನ ಸಣ್ಣ ಸಿಲಿಂಡರು ಅಷ್ಟು ತಾಳುವುದಿಲ್ಲ. ಕುಕ್ಕರಾದರೆ ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ, ಗಂಜಿ ಸೀಟಿಯಲ್ಲಿ ಉಕ್ಕುತ್ತದೆ. ಬಸಿದ ತಿಳಿಯನ್ನು ಚೆಲ್ಲಬೇಡಿ. ಉಪ್ಪು, ತುಪ್ಪ ಹಾಕಿದರೆ ಬಿಸಿಲಲ್ಲಿ ಆಡಿ ಬಂದ ಮಕ್ಕಳಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ಗೋಕರ್ಣದ ಪಕ್ಕದ ಸಾಣಿಕಟ್ಟಾದ ಹರಳುಪ್ಪು ಕಡಲ ನೀರನ್ನು ಗದ್ದೆಗೆ ಹಾಯಿಸಿ, ಬಿಸಿಲಿಗೆ ಒಣಗಿಸಿ ಮಾಡಿದ್ದು. ಹರಳುಗಳ ನಡುವೆ ಜಾಗ ಇರುವುದರಿಂದ ಒಂದು ಚಮಚ ಪುಡಿ ಉಪ್ಪಿನ ಬದಲಿಗೆ ಇದು ಒಂದೂವರೆ ಚಮಚ ಬೇಕಾಗುತ್ತದೆ.

ಊಟದ ಕೊನೆಗೆ ಸೋಲ್ ಕಡಿ. ಹದಿನೈದು ಒಣ ಕೋಕಂ ಸಿಪ್ಪೆಯನ್ನು ಒಂದು ಲೋಟ ಬೆಚ್ಚನೆ ನೀರಲ್ಲಿ ಅರ್ಧ ಗಂಟೆ ನೆನೆಸಿ ಹಿಂಡಿ. ಒಂದು ಕಾಯಿಯ ಹಾಲು, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಒಂದು ಹಸಿಮೆಣಸು, ಉಪ್ಪು ಬೆರೆಸಿ ಸೋಸಿ. ಇದನ್ನು ಬಿಸಿ ಮಾಡಬಾರದು, ಒಡೆಯುತ್ತದೆ. ಅಂಗಡಿಯಲ್ಲಿ ಕೋಕಂ ಕೇಳಿದರೆ ಸಕ್ಕರೆ ಪಾಕದ ಬಾಟಲಿ ಕೊಡುವುದುಂಟು. ನಿಮಗೆ ಬೇಕಾದದ್ದು ಒಣ ಸಿಪ್ಪೆ, ಕಪ್ಪಿಗೆ ತಿರುಗಿದ ಕೆಂಪಿನದು, ಮುಟ್ಟಿದರೆ ಇನ್ನೂ ಮೆತ್ತಗಿರುವುದು.

ರಾತ್ರಿಗೂ ಬೆಳಿಗ್ಗೆಗೂ

ರಾತ್ರಿ ಮಧ್ಯಾಹ್ನದ ಅನ್ನಕ್ಕೇ ನೀರು ಹಾಕಿ ಕುದಿಸಿ ಗಂಜಿ ಮಾಡಿ. ಉಳಿದ ಅನ್ನ ಹೊರಗೇ ಇಟ್ಟರೆ ಕರಾವಳಿಯ ಸೆಕೆಗೆ ಸಂಜೆಯೊಳಗೆ ಹಳಸುತ್ತದೆ, ಆರಿದ ಕೂಡಲೇ ಫ್ರಿಜ್ಜಿಗೆ ಸೇರಿಸಿ. ಜೊತೆಗೆ ಒಂದೆಲಗದ ತಂಬುಳಿ: ಒಂದು ಹಿಡಿ ಎಲೆ, ಒಂದು ಚಮಚ ತುಪ್ಪದಲ್ಲಿ ಹುರಿದ ಜೀರಿಗೆ, ನಾಲ್ಕು ಕಾಳುಮೆಣಸು, ಅರ್ಧ ಲೋಟ ಕಾಯಿತುರಿ ರುಬ್ಬಿ, ಎರಡು ಲೋಟ ಮಜ್ಜಿಗೆಗೆ ಬೆರೆಸಿ ಉಪ್ಪು, ಒಗ್ಗರಣೆ. ಮಾವಿನಕಾಯಿ ಕಾಲವಾದರೆ ಅಪ್ಪೆಹುಳಿ ಇನ್ನೂ ಸುಲಭ. ಒಂದು ಹುಳಿ ಮಾವಿನಕಾಯಿಯನ್ನು ಇಡಿಯಾಗಿ ಬೇಯಿಸಿ ಕಿವುಚಿ, ನಾಲ್ಕು ಲೋಟ ನೀರು, ಉಪ್ಪು, ಸೀಳಿದ ಹಸಿಮೆಣಸು, ಚೂರು ಬೆಲ್ಲ ಹಾಕಿ. ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ. ಲೋಟದಲ್ಲಿ ಕುಡಿಯುವುದೇ ಕ್ರಮ. ನಿದ್ದೆ ಬರುತ್ತದೆ ಎಂದು ಇಲ್ಲಿನವರು ಹೇಳುತ್ತಾರೆ, ರಜೆಯಲ್ಲಿ ಅದೇನು ದೋಷವಲ್ಲ.

ಮಲಗುವ ಮೊದಲು ಎರಡು ಲೋಟ ಬೆಳ್ತಿಗೆ ಅಕ್ಕಿ ನೆನೆಸಿಟ್ಟರೆ ಬೆಳಿಗ್ಗೆ ನೀರ್ ದೋಸೆ. ಅರ್ಧ ಲೋಟ ಕಾಯಿತುರಿಯೊಡನೆ ನುಣ್ಣಗೆ ರುಬ್ಬಿ, ಒಟ್ಟು ನಾಲ್ಕೂವರೆ–ಐದು ಲೋಟ ನೀರು ಸೇರಿಸಿ. ಹಿಟ್ಟು ಹಾಲಿನಷ್ಟು ತೆಳ್ಳಗಿರಬೇಕು. ಅಕ್ಕಿ ತಳಕ್ಕೆ ಕೂರುವುದರಿಂದ ಪ್ರತಿ ಸಲವೂ ಸೌಟಿನಿಂದ ಕಲಕಿ. ಕಾವಲಿಗೆ ನೀರು ಚಿಮುಕಿಸಿದರೆ ಹನಿ ಕುಣಿದು ಆರಬೇ‌ಕು. ಅಂಚಿನಿಂದ ಒಳಕ್ಕೆ ಸುರಿದು, ಮುಚ್ಚಿ ಒಂದು ನಿಮಿಷ, ಮಗುಚದೆ ಮಡಚಿ ತೆಗೆಯಿರಿ. ತೂತು ಬೀಳದಿದ್ದರೆ ಕಾವಲಿ ಕಾದಿಲ್ಲ ಅಥವಾ ಹಿಟ್ಟು ದಪ್ಪ. ಎದ್ದು ಬರುವಾಗ ಹರಿದರೆ ನೀರು ಹೆಚ್ಚಾಗಿದೆ, ಎರಡು ಚಮಚ ಅಕ್ಕಿಹಿಟ್ಟು ಸೇರಿಸಿ. ಕಾವಲಿ ಹಿಡಿದುಕೊಂಡರೆ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ. ಹಿಂದಿನ ದಿನದ ಮೀನು ಸಾರು ಫ್ರಿಜ್ಜಿನಲ್ಲಿದ್ದರೆ ಚೆನ್ನಾಗಿ ಕುದಿಸಿ ಇದಕ್ಕೆ ಹಾಕಿಕೊಳ್ಳಿ. ಇಲ್ಲದವರಿಗೆ ಕಾಯಿ–ಬೆಲ್ಲ.

ಒಂದು ಹೊತ್ತು ಹೊರಗೆ

ನಾಲ್ಕು ದಿನ ಇದ್ದರೆ ಒಂದು ಮಧ್ಯಾಹ್ನ ಹೊರಗೆ ಉಣ್ಣಿ, ಅಡುಗೆಯವರಿಗೆ ಬಿಡುವು. ಕಡಲಿಗೆ ಮುಖ ಮಾಡಿದ ರೆಸ್ಟೋರೆಂಟಿಗಿಂತ ಬಸ್ ನಿಲ್ದಾಣ, ಪೇಟೆಯ ಸುತ್ತಲಿನ ಮೀನೂಟದ ಸಣ್ಣ ಹೋಟೆಲುಗಳು ಮೇಲು, ಅಲ್ಲಿ ಊರವರೇ ಉಣ್ಣುತ್ತಾರೆ. ಹನ್ನೆರಡೂವರೆಗೆ ಹೋಗಿ, ಎರಡೂವರೆಯ ಮೇಲೆ ಹೋದರೆ ಸಾರಿನ ತಳವೇ ಗತಿ. ಊಟದ ದರ ಒಂದು, ಹುರಿದ ಮೀನಿನ ದರ ಇನ್ನೊಂದು. ಪಾಪ್ಲೆಟ್, ದೊಡ್ಡ ಸಿಗಡಿಯನ್ನು ಗಾತ್ರದ ಮೇಲೆ ಹೇಳುತ್ತಾರೆ, ಹುರಿಯುವ ಮೊದಲೇ ಮೀನು ನೋಡಿ ದರ ಕೇಳಿ.

ವಾಸನೆ, ಕಸ, ಕಟ್ಟಿಕೊಂಡು ಹೋಗುವುದು

ಮೀನಿನ ಪಾತ್ರೆಯನ್ನು ಮೊದಲು ತಣ್ಣೀರಲ್ಲಿ ತೊಳೆದು ಆಮೇಲೆ ಸೋಪು ಹಚ್ಚಿ. ಮೊದಲೇ ಬಿಸಿನೀರು ಹಾಕಿದರೆ ಅಂಟಿದ ಮಾಂಸ ಬೆಂದು ಹಿಡಿದುಕೊಳ್ಳುತ್ತದೆ, ವಾಸನೆಯೂ ಜೊತೆಗೇ ಉಳಿಯುತ್ತದೆ. ಕೈಗೆ, ಚೂರಿಗೆ ಹಿಂಡಿದ ಹುಣಸೆ ಸಿಪ್ಪೆ ಅಥವಾ ಕೋಕಂ ಉಜ್ಜಿದರೆ ಹೋಗುತ್ತದೆ. ಮುಳ್ಳು, ಚಿಪ್ಪುಗಳನ್ನು ದಂಡೆಗೆ ಎಸೆಯಬೇಡಿ, ಬರಿಗಾಲಲ್ಲಿ ಓಡುವ ಮಕ್ಕಳಿಗೆ ಚುಚ್ಚುತ್ತವೆ, ನಾಯಿಗಳು ಬೆನ್ನು ಬೀಳುತ್ತವೆ. ಮನೆಯವರನ್ನು ಕೇಳಿ ತೆಂಗಿನ ಬುಡದಲ್ಲಿ ಒಂದಡಿ ಆಳಕ್ಕೆ ಹೂಳಿ. ಚಿಪ್ಪನ್ನು ಬೇರೆ ಇಟ್ಟರೆ ತೆಗೆದುಕೊಳ್ಳುವವರಿದ್ದಾರೆ, ಸುಣ್ಣಕ್ಕೆ ಬರುತ್ತದೆ.

ಊರಿಗೆ ಒಯ್ಯಲು ಹಸಿ ಮೀನು ಬೇಡ. ಕೋಕಂ, ಜುಮ್ಮನಕಾಯಿ, ಹರಳುಪ್ಪು, ಕಾಲಕ್ಕೆ ಸರಿಯಾಗಿ ಈರುಳ್ಳಿ ಸಾಕು. ಹರಳುಪ್ಪನ್ನು ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಡಿ, ತೇವ ಬಿಟ್ಟು ಬಟ್ಟೆಗೆ ಇಳಿಯುತ್ತದೆ. ಈರುಳ್ಳಿಯ ಗೊಂಚಲನ್ನು ಚೀಲದಲ್ಲಿ ಮುಚ್ಚಿಡಬೇಡಿ, ಬೆವತು ಕೊಳೆಯುತ್ತದೆ, ಮನೆ ಮುಟ್ಟಿದ ದಿನವೇ ಗಾಳಿಗೆ ತೂಗುಹಾಕಿ. ಒಣ ಸಿಗಡಿ ಕೊಂಡರೆ ಮುರಿದು ನೋಡಿ: ಬಾಗಿದರೆ ಇನ್ನೂ ಹಸಿ, ಪಟ್ಟನೆ ಮುರಿದರೆ ಒಣಗಿದೆ. ಎರಡು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಬಿಗಿ ಮುಚ್ಚಳದ ಡಬ್ಬಿ. ಇಷ್ಟು ಮಾಡದೆ ರೈಲು ಹತ್ತಿದರೆ ಇಡೀ ಬೋಗಿಗೆ ನೀವು ಎಲ್ಲಿಂದ ಬಂದಿರೆಂದು ಗೊತ್ತಾಗಿಬಿಡುತ್ತದೆ.